ಗೋಲ್‌ಪೋಸ್ಟಿನ ಹಿಂದಿನ ಜಾಗ

ಅಬ್ಬಾ,

ಅಥಣಿಗೆ ಬಂದಿದ್ದೇನೆ. ನಿನಗೆ ಹೇಳಬೇಕಾದ ಸುದ್ದಿಯೊಂದಿದೆ, ಕೇಳಲು ನೀನೇ ಇಲ್ಲ.

ನೀನು ಮೊದಲ ಸಲ ನನ್ನ ಫುಟ್‌ಬಾಲ್ ನೋಡಲು ಬಂದ ದಿನ ನೆನಪಿದೆಯಾ? ಹತ್ತಿ ತುಂಬುತ್ತಿದ್ದ ಗಾದಿಯನ್ನು ಅರ್ಧಕ್ಕೇ ಬಿಟ್ಟು, ಹುಬ್ಬಿಗೆಲ್ಲ ಹತ್ತಿ ಅಂಟಿಸಿಕೊಂಡೇ ಬಂದಿದ್ದೆ. ಎಲ್ಲರೊಂದಿಗೆ ಕೂರದೆ ಎದುರು ತಂಡದ ಗೋಲ್‌ಪೋಸ್ಟಿನ ಹಿಂದೆ, ತಂತಿ ಬೇಲಿ ಹಿಡಿದು ನಿಂತೆ. ಗೋಲು ಆಗುವುದು ಅಲ್ಲಿ, ಆದ್ದರಿಂದ ಮಗಳು ಬರುವುದೂ ಅಲ್ಲಿಗೇ ಎಂಬುದು ನಿನ್ನ ಲೆಕ್ಕ. ನಾನೋ ಮಿಡ್‌ಫೀಲ್ಡರ್. ನಡುವೆ ಚೆಂಡು ಕಸಿದು ಮುಂದಿನವರಿಗೆ ಕೊಡುವವಳು.

"ಏನಬೇ, ಇಷ್ಟೊತ್ತು ನಿಂತೇನಿ, ನೀ ಈ ಕಡಿ ಹಾಯಲೇ ಇಲ್ಲಲಾ!"

"ನಂದು ನಡಬರಕ ಆಡೂದು, ಅಬ್ಬಾ."

"ಇರಲಿ ತಗೋ. ಒಂದಿನ ಬರ್ತಿ. ನಾ ಇಲ್ಲೇ ನಿಂತಿರ್ತೇನಿ."

ಗೋವಾದ ಕ್ಲಬ್ಬಿನವರು ಸಂಬಳ ಕೊಟ್ಟು ಕರೆದಾಗ ಕಾಕಾ ಬಂದು ಕೂಗಾಡಿದ. "ಹೆಣ್ಣಹುಡುಗಿ ಚಡ್ಡಿ ಹಾಕ್ಕೊಂಡು ಪರ ಊರಾಗ ಆಡೂದಂದ್ರ ಏನು?" ನೀನು ಕೈಯಲ್ಲಿದ್ದ ದಬ್ಬಣ ಕೆಳಗಿಡಲೂ ಇಲ್ಲ. "ಆಕಿ ಆಡ್ತಾಳ. ನಿನಗ ಗಾದಿ ಬೇಕಾದ್ರ ಹೇಳು, ಇಲ್ಲಾಂದ್ರ ನಡಿ." ಆಮೇಲೆ ನೀನು ಬಸ್ಸು ಹಿಡಿದು ಗೋವಾಕ್ಕೂ ಬರತೊಡಗಿದೆ. ಅಲ್ಲೂ ಅದೇ ಜಾಗ! ಅರ್ಧ ಆಟ ಮುಗಿದು ತಂಡಗಳು ಬದಿ ಬದಲಿಸಿದರೆ, ನೀನೂ ಚಪ್ಪಲಿ ಕೈಯಲ್ಲಿ ಹಿಡಿದು ಆ ತುದಿಯಿಂದ ಈ ತುದಿಗೆ ಓಡುತ್ತಿದ್ದೆ. ನಮ್ಮ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಖುಷಿಯೂ...

ಆ ಫೋನು ಬಂದಾಗ ಬೂಟಿನ ಲೇಸು ಕಟ್ಟುತ್ತಿದ್ದೆ. ಹತ್ತಿಯ ರಾಶಿಯ ಮೇಲೆಯೇ ಎದೆ ಹಿಡಿದುಕೊಂಡು ಕುಸಿದೆಯಂತೆ. ಘಟ್ಟ ಹತ್ತಿ ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನಮ್ಮ ಓಣಿಯ ಹೆಂಗಸರು ಕಬರಸ್ತಾನದೊಳಗೆ ಹೋಗುವುದಿಲ್ಲವಲ್ಲ, ಹೊರಗೇ ಗೋಡೆ ಹಿಡಿದು ನಿಂತೆ. ಎಷ್ಟು ಅತ್ತೆನೋ ನನಗೇ ಗೊತ್ತಿಲ್ಲ. ಒಂದು ಸಲ ಮುಖ ತೋರಿಸುವಷ್ಟೂ ಪುರುಸೊತ್ತು ಇರಲಿಲ್ಲವಾ ನಿನಗೆ?

ಹೋದ ವಾರದ ಪಂದ್ಯದಲ್ಲಿ ನಡುವೆ ಚೆಂಡು ಸಿಕ್ಕಿತು. ಕೊಡೋಣವೆಂದರೆ ಮುಂದೆ ನಮ್ಮವರು ಯಾರೂ ಇಲ್ಲ. ನಾನೇ ಓಡಿದೆ, ಹೊಡೆದೆ. ಬಲೆ ಅಲುಗಿತು. ಗೆಳತಿಯರು ಬಂದು ತಬ್ಬುವ ಮೊದಲೇ ಗೋಲ್‌ಪೋಸ್ಟಿನ ಹಿಂದಕ್ಕೆ ಓಡಿಬಿಟ್ಟಿದ್ದೆ. ಎರಡೂ ಕೈಯಲ್ಲಿ ತಂತಿ ಹಿಡಿದೆ. ಆಚೆ ಯಾರೂ ಇರಲಿಲ್ಲ, ಅಬ್ಬಾ. ಕ್ಯಾಪ್ಟನ್ ಬಂದು ಭುಜ ಹಿಡಿದು ಎಳೆದೊಯ್ದಳು.

ಇವತ್ತು ಬೆಳಿಗ್ಗೆ ಮತ್ತೆ ಕಬರಸ್ತಾನದ ಗೋಡೆಯ ಹತ್ತಿರ ಹೋಗಿದ್ದೆ. ಈಗ ನೀನು ಒಳಗೆ, ನಾನು ಹೊರಗೆ. ನೀನು ಈ ಕಡೆ ಹಾಯುವುದಿಲ್ಲವೆಂದು ಗೊತ್ತು. ಆದರೂ ಊರಿಗೆ ಬಂದಾಗಲೆಲ್ಲ ಅಲ್ಲೇ ನಿಂತಿರುತ್ತೇನೆ. ನೀನು ನನಗಾಗಿ ನಿಂತಿರಲಿಲ್ಲವಾ?

ಗೋಡೆಯ ಮೇಲಿಂದ ಕೂಗಿಯೇ ಹೇಳಿದೆ. ಕೇಳಿಸಿತೋ ಇಲ್ಲವೋ, ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ:

"ಅಬ್ಬಾ, ನಾ ಆ ಕಡಿ ಬಂದಿದ್ನಿ."