ಎರಡು ನಲವತ್ತೈದರ ಬಾವುಟ

ನವೆಂಬರ್ 4, ಮಂಗಳವಾರ

ಇವತ್ತೂ ಮೆಟ್ಟಿಲು ಇಳಿದದ್ದು ಹಿಮ್ಮುಖವಾಗಿಯೇ, ಎರಡೂ ಕೈಯಲ್ಲಿ ಕಂಬಿ ಹಿಡಿದು. ಫುಲ್ ಮ್ಯಾರಥಾನ್ ಮುಗಿದು ಎರಡು ದಿನ. ತೊಡೆಗಳು ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಹೆಬ್ಬೆರಳ ಉಗುರು ಕಪ್ಪಾಗಿದೆ — ಬೀಳುತ್ತದೆ. ಬೀಳಲಿ.

ನಾಲ್ಕು ಗಂಟೆ ಎರಡು ನಿಮಿಷ. ನಾಲ್ಕರೊಳಗೆ ಮುಗಿಸುತ್ತೇನೆ ಎಂದು ಊರಿಗೆಲ್ಲ ಡಂಗುರ ಸಾರಿದ್ದೆ. ಎರಡೇ ಎರಡು ನಿಮಿಷ. ಅಷ್ಟರಲ್ಲಿ ಜನ ಹಲ್ಲು ಕೂಡ ಸರಿಯಾಗಿ ಉಜ್ಜುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಡೆಂಟಲ್ ಲ್ಯಾಬಿನಲ್ಲಿ ಕೂತು ಊರಿನ ಕಟ್ಟಿಸಿಕೊಂಡ ಹಲ್ಲುಗಳನ್ನೆಲ್ಲ ಮಾಡುವವಳು ನಾನು.

ನಮ್ಮ ರನ್ನಿಂಗ್ ಗುಂಪಿನ ಹಲ್ಲಿನ ಡಾಕ್ಟರು ಇವತ್ತು ಒಂದು ಬಾಯಿಯ ಅಚ್ಚು ಕಳಿಸಿದ್ದಾರೆ. ತುಂಬ ಗಾಳಿಗುಳ್ಳೆ. ದವಡೆ ಹಲ್ಲು ಎಲ್ಲಿ ಮುಗಿಯುತ್ತದೆ, ಒಸಡು ಎಲ್ಲಿ ಶುರು ಎಂದು ದೇವರಿಗೇ ಗೊತ್ತು. ಫೋನ್ ಮಾಡಿದರೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ." ಅಚ್ಚು ತೆಗೆಯಲು ಬಾರದ ಈ ಮನುಷ್ಯ ಭಾನುವಾರ ನನಗಿಂತ ಹನ್ನೆರಡು ನಿಮಿಷ ಮುಂದೆ.

ಸಂಜೆ ಯಜಮಾನರು ನನ್ನ ಕಾಲಿಗೆಂದು ಬಿಸಿನೀರಿನ ಬಕೆಟ್ ಹೊತ್ತು ತಂದರು. ಅರ್ಧ ನೀರು ದಾರಿಗೆ ಅಭಿಷೇಕ. "ಒಂದು ಮಾತು ಹೇಳ್ಬೇಕಿತ್ತು" ಎಂದರು. "ಮೊದ್ಲು ನೆಲ ಒರೆಸಿ" ಎಂದೆ. ಒರೆಸಿದರು. ಮಾತು ಅಲ್ಲಿಗೇ ನಿಂತಿತು.

ನವೆಂಬರ್ 6, ಗುರುವಾರ

ಮಾತು ಏನೆಂದು ಗೊತ್ತಾಯಿತು. ಕಂಪನಿಯವರು ದೂರದ ಊರಿನ ಬ್ರಾಂಚಿಗೆ ಹೋಗುತ್ತೀರಾ ಎಂದು ಕೇಳಿದ್ದಾರಂತೆ. ಅಲ್ಲಿ ಎತ್ತರದ ಕಟ್ಟಡಗಳು ಎದ್ದಿವೆ, ಲಿಫ್ಟ್ ನೋಡಿಕೊಳ್ಳುವ ಅನುಭವಸ್ಥರು ಬೇಕು. ಎರಡು ವರ್ಷ. ಯಜಮಾನರದು ಲಿಫ್ಟ್ ಮೆಕ್ಯಾನಿಕ್ ಕೆಲಸ — ದಿನವಿಡೀ ಮೇಲೆ ಹೋಗಿ, ಕೆಳಗೆ ಬಂದು, ಎಲ್ಲಿಗೂ ತಲುಪದ ಉದ್ಯೋಗ.

"ನೀನೇನು ಹೇಳ್ತೀಯ?" ಎಂದರು.

"ಹೋಗಿ. ಯಾರು ಕಟ್ಟಿ ಹಾಕಿದಾರೆ? ನಿಮ್ಮ ಟವಲ್ ಒಣಗಿಸೋ ಕೆಲಸವಾದ್ರೂ ತಪ್ಪುತ್ತೆ ನಂಗೆ."

ಶೂ ಹಾಕಿಕೊಂಡು ವಾಕಿಂಗ್ ಹೊರಟೆ. ವಾಪಸ್ ಬಂದಾಗ ಅದೇ ಕುರ್ಚಿ, ಅದೇ ಮನುಷ್ಯ, ಟಿ.ವಿ. ಆಫ್. ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಇವರು ಹೋಗುತ್ತಾರಂತೆ. ಮೂಲೆ ಅಂಗಡಿಗೆ ಹೋದರೆ ತಂದದ್ದಕ್ಕಿಂತ ಮರೆತದ್ದೇ ಹೆಚ್ಚು.

ನವೆಂಬರ್ 9, ಭಾನುವಾರ

ಕೋಚ್ ಕರೆದು ಬಾವುಟ ಕೈಗಿಟ್ಟರು. 23ಕ್ಕೆ ಹಾಫ್ ಮ್ಯಾರಥಾನ್ ಇದೆ.

"ಫುಲ್ ಓಡಿ ಮೂರೇ ವಾರಕ್ಕೆ ಹಾಫ್ ಬೇಡ ಅಂತಾನೇ ಹೇಳ್ತೀನಿ. ನೀವು ಕೇಳೋ ಪೈಕಿ ಅಲ್ಲ. ಓಡೋದೇ ಆದ್ರೆ ನಿಧಾನವಾಗಿ ಓಡಿ. ಎರಡು ನಲವತ್ತೈದಕ್ಕೆ ಪೇಸರ್ ಯಾರೂ ಇಲ್ಲ."

ಯಾರೂ ಇಲ್ಲ! ಯಾರಿಗೆ ಬೇಕು ಅದು. ಎರಡು ಗಂಟೆ ನಲವತ್ತೈದು ನಿಮಿಷಕ್ಕೆ ಸರಿಯಾಗಿ ಗೆರೆ ದಾಟುವ ಹಾಗೆ, ಬೆನ್ನಿಗೆ ಬಾವುಟ ಕಟ್ಟಿಕೊಂಡು, ಒಂದೇ ವೇಗದಲ್ಲಿ ತೆವಳಬೇಕು. ಜೋರಾಗಿ ಓಡುವಂತಿಲ್ಲ, ನಿಲ್ಲುವಂತಿಲ್ಲ. ಹಿಂದೆ ಒಂದು ಹಿಂಡು. ಅದಕ್ಕೆ ಇವರೆಲ್ಲ ಬಸ್ಸು ಎನ್ನುತ್ತಾರೆ. ನಾನು ಎತ್ತಿನಗಾಡಿ ಎನ್ನುತ್ತೇನೆ.

ಆದರೂ ಒಪ್ಪಿದೆ. ಸೆಕೆಂಡ್ ತಪ್ಪದೆ ತಂದು ನಿಲ್ಲಿಸಿದರೆ ಮುಂದಿನ ಸಲ ಎರಡು ಗಂಟೆಯ ಬಾವುಟ ನನಗೇ ಎಂದಿದ್ದಾರೆ. ಆ ಎರಡು ನಿಮಿಷದ ಅವಮಾನ ತೊಳೆಯಬೇಕು. ಹಾಫ್ ತಾನೇ. ಅರ್ಧ. ನಿದ್ದೆಗಣ್ಣಲ್ಲಿ ಓಡುತ್ತೇನೆ.

ನವೆಂಬರ್ 13, ಗುರುವಾರ

ನಗಬೇಕೋ ಅಳಬೇಕೋ. ಯಜಮಾನರೂ ಹಾಫ್‌ಗೆ ಹೆಸರು ಕೊಟ್ಟಿದ್ದಾರೆ. ನನ್ನದೇ ಬಸ್ಸು.

ಹಳದಿ ಶೂ. ಕಾಲಿಗೆ ಎರಡು ಬಾಳೆಹಣ್ಣು ಕಟ್ಟಿಕೊಂಡಂತೆ. ನಕ್ಕೆ. ಎಷ್ಟು ನಕ್ಕೆ ಎಂದರೆ ಪಕ್ಕದ ಮನೆಯವರು ಕಿಟಕಿ ತೆಗೆದರು.

"ಇಪ್ಪತ್ತೊಂದು ಕಿಲೋಮೀಟರ್ ರೀ. ಆಟೋದಲ್ಲಿ ಹೋದ್ರೂ ನಿಮಗೆ ಸೊಂಟ ಹಿಡಿಯುತ್ತೆ."

"ಮೂರು ತಿಂಗಳಿಂದ ಓಡ್ತಿದೀನಿ" ಎಂದರು. "ನೀನು ಭಾನುವಾರ ಲಾಂಗ್ ರನ್ನಿಗೆ ಹೋದಾಗ. ಹದಿನಾರರವರೆಗೆ ಆಗಿದೆ."

ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗಲು ಇವರನ್ನು ಯಾರು ನೋಡುತ್ತಾ ಕೂರುತ್ತಾರೆ?

"ಮತ್ತೆ ಲಿಫ್ಟ್ ಕೆಟ್ರೆ ಹನ್ನೆರಡು ಮಹಡಿ ಹತ್ತೋದು ಯಾರು ಅಂದ್ಕೊಂಡೆ? ನಾನೇ ಅಲ್ವಾ" ಎಂದು ಶೂ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರು. ಪೇಪರ್ ಸಮೇತ. ಹಬ್ಬದ ಬಟ್ಟೆ ಮಡಚುವ ಹಾಗೆ.

ನವೆಂಬರ್ 19, ಬುಧವಾರ

ಎಂಟು ಕಿ.ಮೀ. ನಿಧಾನ. ಎಡತೊಡೆ ಒಳಗಡೆ ಎಳೆಯುತ್ತಿದೆ. ಕೋಚ್‌ಗೆ ಹೇಳಿಲ್ಲ.

ಡಾಕ್ಟರಿಗೆ ಕಟ್ಟಿಕೊಟ್ಟ ಹಲ್ಲಿನ ಬ್ರಿಡ್ಜ್ ಮೂರನೇ ಸಲ ವಾಪಸ್. ಕೂರುತ್ತಿಲ್ಲವಂತೆ. ಗುಳ್ಳೆ ಅಚ್ಚಿನ ಮೇಲೆ ಕಟ್ಟಿದ ಹಲ್ಲು ಕೂರುವುದಾದರೂ ಹೇಗೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಯಜಮಾನರು ಮಾತು ಕಡಿಮೆ ಮಾಡಿದ್ದಾರೆ. ಮನೆ ಹಾಯಾಗಿದೆ.

ನವೆಂಬರ್ 22, ಶನಿವಾರ

ನಂಬರ್ ಚೀಟಿ ತಂದದ್ದಾಯಿತು. ಯಜಮಾನರು ತಮ್ಮದನ್ನು ಬನಿಯನ್ನಿಗೆ ಪಿನ್ ಮಾಡಿದರು — ವಕ್ರ. ನಾಲ್ಕು ಪಿನ್ನು, ನಾಲ್ಕು ದಿಕ್ಕು. ಕಿತ್ತು ನಾನೇ ಹಾಕಿದೆ.

"ಸೋಮವಾರ ಕಂಪನಿಗೆ ಉತ್ತರ ಕೊಡ್ಬೇಕು" ಎಂದರು.

"ನಾಳೆ ರೇಸು. ಈಗ ತಲೆ ತಿನ್ಬೇಡಿ" ಎಂದು ದೀಪ ಆರಿಸಿದೆ.

ನವೆಂಬರ್ 23, ಭಾನುವಾರ. ಮಧ್ಯಾಹ್ನ

ಬರೆದುಬಿಡಬೇಕು.

ಬಸ್ಸಿನಲ್ಲಿ ಹದಿನೈದು ಜನ. ಸೊಂಟದ ಸುತ್ತ ನೀರಿನ ಬಾಟಲಿ ಕಟ್ಟಿಕೊಂಡು, ನಡೆದಾಡುವ ಅಂಗಡಿಯಂತಿದ್ದ ಒಬ್ಬಳು ಬೆಲ್ಟಮ್ಮ. ಓಡುತ್ತಲೇ ಫೋನಿನಲ್ಲಿ ಕಕ್ಷಿದಾರನಿಗೆ ಸಮಾಧಾನ ಹೇಳುತ್ತಿದ್ದ ಒಬ್ಬ ಲಾಯರ್. ಉಳಿದವರು ಲೆಕ್ಕಕ್ಕೆ. ಹಿಂದೆ ಹಳದಿ ಶೂ — ಪಟ್ ಪಟ್ ಪಟ್. ಐದು ಕಿಲೋಮೀಟರಿಗೆ ಮಲಗುತ್ತಾರೆ ಎಂದು ಕಾಯುತ್ತಿದ್ದೆ. ಮಲಗಲಿಲ್ಲ. ಆರು ದಾಟಿದ ಮೇಲೆ ನನ್ನ ಪಕ್ಕಕ್ಕೇ ಬಂದರು.

"ಮಾತಾಡ್ಬಹುದಾ?"

"ಉಸಿರು ಉಳಿಸ್ಕೊಳ್ಳಿ."

"ಉಸಿರಿದೆ. ಇನ್ನು ಎರಡು ಗಂಟೆ ನೀನು ಎದ್ದು ಹೋಗೋ ಹಾಗಿಲ್ಲ. ಅದಕ್ಕೇ ಹೆಸರು ಕೊಟ್ಟಿದ್ದು."

ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು, ಮೈ ಉರಿಯಿತು. ನಿಜ. ಬೆನ್ನಿಗೆ ಬಾವುಟ. ಮುಂದೆ ಓಡಿದರೆ ಬಸ್ಸು ಕೆಡುತ್ತದೆ, ನಿಂತರೂ ಕೆಡುತ್ತದೆ. ಶೂ ಹಾಕಿಕೊಂಡು ಹೊರಗೆ ನಡೆಯೋಣವೆಂದರೆ ಆಗಲೇ ಶೂ ಹಾಕಿಕೊಂಡು ಹೊರಗಿದ್ದೇನೆ.

"ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರ ಜೊತೆ ಇಪ್ಪತ್ತು ವರ್ಷ ಬಾಗಿಲಾಚೆಯಿಂದ ಮಾತಾಡಿದೀನಿ" ಎಂದರು. "ಒಳಗಿರೋರು ಎಷ್ಟು ಚೆನ್ನಾಗಿ ಕೇಳಿಸ್ಕೊಳ್ತಾರೆ ಗೊತ್ತಾ? ಮನೇಲಿ ಅವರ ಹೆಂಡತಿ ಮಕ್ಕಳಿಗೂ ಅಷ್ಟು ಕಿವಿ ಕೊಟ್ಟಿರಲ್ಲ."

ಲಾಯರ್ ಫೋನ್ ಇಟ್ಟ. ಬೆಲ್ಟಮ್ಮ ಹತ್ತಿರ ಸರಿದಳು. ಹದಿನೈದು ಜನರ ಮೂವತ್ತು ಕಿವಿ.

ಕಿಲೋಮೀಟರಿಗೆ ಅವರದು ಒಂದೊಂದು ಮಾತು. ಮಧ್ಯೆ ಏದುಸಿರು. ನಾನು ಏನು ಮಾಡಿದ್ರೂ ನಿಂಗೆ ನಗು. ಮೊದಮೊದಲು ನಾನೂ ನಗ್ತಿದ್ದೆ, ಖುಷಿಯಾಗಿದೀಯಲ್ಲ ಅಂತ. ಮತ್ತೊಂದು ಕಿಲೋಮೀಟರ್. ನಿನ್ನ ಕೈಕೆಲಸ ನಂಗೆ ಬರಲ್ಲ, ನಿನ್ನ ಓಟ ಬರಲ್ಲ, ಒಪ್ತೀನಿ. ಮತ್ತೊಂದು. ಆಮೇಲೆ, ಹನ್ನೆರಡರ ನೀರಿನ ಟೇಬಲ್ ದಾಟುವಾಗ —

"ಈಗೀಗ ಕೆಲಸ ಮುಗಿಸಿ ಬಂದ್ರೆ ಬೀಗ ತೆಗೆಯೋ ಮುಂಚೆ ಒಂದ್ನಿಮಿಷ ಬಾಗಿಲ ಹತ್ರ ನಿಂತ್ಕೊಳ್ತೀನಿ. ಇವತ್ತು ಯಾವುದಕ್ಕೆ ನಗ್ತಾಳೋ ಅಂತ."

ನಾನು ವಾಚ್ ನೋಡಿದೆ. ವೇಗ ಸರಿಯಿತ್ತು.

ಹದಿನಾಲ್ಕಕ್ಕೆ ನನ್ನ ತೊಡೆ ಹಿಡಿಯಿತು. ಮೂರು ವಾರದ ಹಿಂದಿನ ನಲವತ್ತೆರಡು ಕಿಲೋಮೀಟರೂ ಅಲ್ಲೇ ಅಡಗಿ ಕೂತಿದ್ದವು. ಹಾಫ್ ಎಂದರೆ ಅರ್ಧ ಎಂದು ಯಾವ ದಡ್ಡಿ ಹೇಳಿದ್ದು — ನಾನೇ. ಹಲ್ಲು ಕಚ್ಚಿ ಓಡಿದೆ. ಕುಂಟಿದ್ದು ಯಾರಿಗೂ ಕಾಣಲಿಲ್ಲ. ಇವರಿಗೆ ಕಂಡಿತು. "ಎಡಗಾಲಾ?" ಎಂದರು. ಬಾವುಟದ ಪಟ್ಟಿ ಬಿಗಿ ಮಾಡಿಕೊಂಡೆ.

ಹದಿನಾರಕ್ಕೆ ಕೇಳಿಯೇಬಿಟ್ಟರು.

"ಅವತ್ತು ಹೋಗಿ ಅಂದೆಯಲ್ಲ. ತಮಾಷೆಗೋ, ನಿಜಕ್ಕೋ? ಅದೊಂದು ಹೇಳು. ನೀನು ಬೇಡ ಅಂದ್ರೆ ಹೋಗಲ್ಲ. ನಾಳೆ ಬೆಳಿಗ್ಗೆ ಕಂಪನಿಗೆ ಹಾಗೇ ಹೇಳ್ತೀನಿ."

ಬಸ್ಸಿಡೀ ಇನ್ನೂ ಒತ್ತಿಕೊಂಡು ಬಂತು. ಪಟ್ ಪಟ್ ಸದ್ದು ಮಾತ್ರ. ಲಾಯರ್ ಮೆಲ್ಲಗೆ, "ಹೇಳಿ ಮೇಡಂ" ಎಂದ.

ಬೇಡ. ಎರಡೇ ಅಕ್ಷರ. ನಾಲಿಗೆಯ ತುದಿಯಲ್ಲಿತ್ತು, ಸುಳ್ಳಲ್ಲ. ಆದರೆ ಆ ಹಿಂಡಿನ ಮುಂದೆ, ಆ ಬೆಲ್ಟಮ್ಮನ ಮುಂದೆ, ಬೆವರು ಸುರಿಯುವ ಈ ಬಾಳೆಹಣ್ಣಿನ ಶೂಗೆ ನಾನು ಬೇಡಿಕೊಳ್ಳುವುದೇ?

"ಹೆಜ್ಜೆ ಚಿಕ್ಕದು ಮಾಡಿ" ಎಂದೆ. "ಭುಜ ಸಡಿಲ ಬಿಡಿ."

ನನ್ನನ್ನು ಒಮ್ಮೆ ನೋಡಿದರು. ಹೆಜ್ಜೆ ಚಿಕ್ಕದು ಮಾಡಿದರು. ಭುಜ ಸಡಿಲ ಬಿಟ್ಟರು. ಹೇಳಿದ್ದೆಲ್ಲ ಮಾಡುತ್ತಾರೆ, ಮೊದಲಿನಿಂದಲೂ. ಸೇತುವೆ ಹತ್ತುವಾಗ ಪಟ್ ಪಟ್ ಸದ್ದು ಹಿಂದೆ ಹೋಯಿತು. ಆಮೇಲೆ ಇನ್ನೂ ಹಿಂದೆ.

"ಮೇಡಂ, ನಿಮ್ಮೋರು ಉಳ್ಕೊಂಡ್ರು" ಎಂದ ಲಾಯರ್.

"ಬಸ್ಸು ಯಾರಿಗೂ ಕಾಯಲ್ಲ."

ಆಮೇಲೆ ಅವನು ನನ್ನ ಹತ್ತಿರ ಮಾತಾಡಲಿಲ್ಲ. ಬೆಲ್ಟಮ್ಮ ಒಂದು ಬಾಟಲಿ ಬಿಚ್ಚಿಕೊಂಡು ಹಿಂದಕ್ಕೆ ಹೋದಳು. ತನ್ನ ಟೈಮಿಂಗ್ ಹಾಳು ಮಾಡಿಕೊಂಡು. ಪೆದ್ದಿ.

ಎರಡು ನಲವತ್ತನಾಲ್ಕು, ಐವತ್ತು ಸೆಕೆಂಡ್. ಗೆರೆ ದಾಟಿದ್ದು ಹನ್ನೆರಡು ಜನ. ಕೋಚ್ ಬೆನ್ನು ತಟ್ಟಿದರು, "ಗಡಿಯಾರ ಕಣ್ರೀ ನೀವು." ಎರಡು ಗಂಟೆಯ ಬಾವುಟ ಗ್ಯಾರಂಟಿ. ಡಾಕ್ಟರ್ ಬಂದು ಕೈ ಕುಲುಕಿದರು. ನಾನು ಕಟ್ಟಿದ ಹಲ್ಲು ಹಾಕಿಸಿಕೊಂಡ ಇಬ್ಬರು ಸೆಲ್ಫಿ ತೆಗೆದರು. ಅವರ ಹಲ್ಲು ಚೆನ್ನಾಗಿ ಬಂದಿದೆ. ನನ್ನ ಮುಖ ನೋಡಲಾಗಲಿಲ್ಲ.

ಕಾದೆ. ಬಾವುಟ ಬಿಚ್ಚದೆ, ಗೆರೆಯ ಪಕ್ಕದಲ್ಲಿ. ಬಂದ ಕೂಡಲೇ ಹೇಳಬೇಕು — ಹೋಗಬೇಡಿ. ಅಷ್ಟೇ. ಮುಂದೆ ಹಿಂದೆ ಏನೂ ಸೇರಿಸಬಾರದು. ಬಾಯಿಪಾಠ ಮಾಡುವ ಮಗುವಿನ ಹಾಗೆ ಒಳಗೇ ಹೇಳಿಕೊಂಡೆ, ಹೋಗಬೇಡಿ, ಹೋಗಬೇಡಿ.

ಓಟದ ಗಡಿಯಾರ ಮೂರು ಗಂಟೆ ದಾಟಿದ ಮೇಲೆ ಬಂದರು. ಬೆಲ್ಟಮ್ಮನೂ ಜೊತೆಗೆ. ಮುಖದ ಮೇಲೆ ಉಪ್ಪು. ಗೆರೆ ದಾಟಿ, ಮೆಡಲ್ಲಿಗೂ ಕೊರಳೊಡ್ಡದೆ, ನೇರ ನನ್ನ ಮುಂದೆ ಬಂದು ನಿಂತರು. ಕಾಯುತ್ತಿದ್ದರು. ನನಗೆ ಗೊತ್ತು, ಕಾಯುತ್ತಿದ್ದರು.

"ಇಷ್ಟು ಹೊತ್ತಾ?" ಎಂದೆ.

ಅದು ಎಲ್ಲಿಂದ ಬಂತೋ. ನಾನು ಬಾಯಿ ತೆರೆದದ್ದು ಬೇರೆ ಮಾತಿಗೆ. ಮೂಗಿನಿಂದ ಒಂದು ನಗೆ ಕೂಡ ಬಂತು, ಯಾವಾಗಲೂ ಬರುವಂಥದ್ದು.

ಅವರೂ ನಕ್ಕರು. "ಹೂಂ. ಸ್ವಲ್ಪ ಹೊತ್ತಾಯ್ತು" ಎಂದರು. ಮೆಡಲ್ ತೆಗೆದುಕೊಳ್ಳಲು ಸಾಲಿನಲ್ಲಿ ಹೋಗಿ ನಿಂತರು.

ನವೆಂಬರ್ 24, ಸೋಮವಾರ

ಹೂಂ ಎಂದು ಹೇಳಿ ಬಂದಿದ್ದಾರೆ ಕಂಪನಿಗೆ. ಶನಿವಾರ ಹೊರಡುವುದು.

"ಒಳ್ಳೇದಾಯ್ತು" ಎಂದೆ. ಮತ್ತೇನು ಹೇಳುವುದು. ಮೆಟ್ಟಿಲು ಇಳಿಯುವಾಗ ಇಬ್ಬರೂ ಹಿಮ್ಮುಖವಾಗಿ ಇಳಿದೆವು, ಒಂದೇ ಕಂಬಿ ಹಿಡಿದು. ಮೇಲಿನ ಮನೆಯವರು ನೋಡಿ ನಕ್ಕರು. ಆ ನಗು ನನಗೆ ತಡೆಯಲಾಗಲಿಲ್ಲ. ಇವರು ಹೇಗೆ ತಡೆದರೋ ಇಷ್ಟು ವರ್ಷ.

ನವೆಂಬರ್ 29, ಶನಿವಾರ. ಬೆಳಿಗ್ಗೆ

ಐದು ದಿನ ಏನೂ ಬರೆದಿಲ್ಲ. ಹೇಳಿಯೂ ಇಲ್ಲ. ದಿನಾ ಸಂಜೆ ಹೇಳಬೇಕೆಂದು ಬರುತ್ತೇನೆ. ಅವರೇನೋ ಮಾಡುತ್ತಿರುತ್ತಾರೆ, ಯಾವುದೋ ಪಿನ್ನು, ಯಾವುದೋ ಗಂಟು, ತಪ್ಪು ತಪ್ಪಾಗಿ — ನನ್ನ ಬಾಯಿಗೆ ಬೇರೆಯೇ ಬರುತ್ತದೆ. ಹಲ್ಲು ಬೇಕಾದರೆ ಹೊಸದು ಕಟ್ಟಬಹುದು. ನಾಲಿಗೆಗೆ ನಮ್ಮ ಲ್ಯಾಬಿನಲ್ಲಿ ಏನೂ ಇಲ್ಲ.

ಟ್ರೈನಿಗೆ ಇನ್ನೂ ಎರಡು ಗಂಟೆ ಇದೆ. ಪಕ್ಕದ ಕೋಣೆಯಲ್ಲಿ ಸೂಟ್‌ಕೇಸ್ ಮುಚ್ಚುವ ಸದ್ದು. ಮುಚ್ಚುತ್ತಿಲ್ಲ. ಮತ್ತೆ ತೆಗೆದರು. ಹೋಗಬೇಡಿ ಎಂದರೆ ಈಗಲೂ ಹೋಗುವುದಿಲ್ಲ. ಅವರು ಅಂಥವರೇ. ಕಂಪನಿಗೆ ಫೋನ್ ಮಾಡಿ ತಪ್ಪಾಯ್ತು ಎನ್ನುತ್ತಾರೆ, ನಾಚಿಕೆಯಿಲ್ಲದೆ. ನನಗೆ ಅವರು ಇಲ್ಲಿ ಬೇಕು. ಬರೆದೆ. ಇಷ್ಟು ಸುಲಭ ಬರೆಯುವುದು.

ಕರೆಯುತ್ತಿದ್ದಾರೆ. ಸೂಟ್‌ಕೇಸಿನ ಮೇಲೆ ಸ್ವಲ್ಪ ಕೂರಬೇಕಂತೆ ನಾನು. ಒಂದು ಸೂಟ್‌ಕೇಸ್ ಮುಚ್ಚಲು ಬಾರದ ಗಂಡಸು ಎರಡು ವರ್ಷ ಒಬ್ಬನೇ —

ಇಲ್ಲ. ಹೀಗಲ್ಲ. ಒಳಗೆ ಹೋಗಿ, ಬೇರೇನೂ ನೋಡದೆ, ಅವರ ಮುಖ ಮಾತ್ರ ನೋಡಿ, ಮೊದಲ ಮಾತೇ —