ದುಃಖ ಎಂಬ ತಲೆಬರಹದ ಕೆಳಗೆ

ಗಾವಡಗೆರೆ
೧೪ ನವೆಂಬರ್ ೧೯೩೬

ಸೌಭಾಗ್ಯವತಿ ಶಿವನಂಜಮ್ಮನಿಗೆ,

ಈ ಕಾಗದವನ್ನು ನಿನ್ನ ಅಣ್ಣ ಚನ್ನಬಸವಣ್ಣನವರೇ ಓದಿ ಹೇಳಬೇಕು. ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಮೇಷ್ಟರು ನಾನು, ನಿನಗೆ ಕಲಿಸಲಿಲ್ಲ. ಭಾವನವರೇ, ನಿಮಗೆ ಮುಜುಗರವಾದೀತು, ಆದರೂ ಒಂದಕ್ಷರ ಬಿಡದೆ ಓದಿ.

ನೀನು ರಾವಂದೂರಿನ ತವರಿಗೆ ಹೋಗಿ ಇಪ್ಪತ್ತಮೂರು ದಿನವಾಯಿತು. ಮುದ್ದೆ ಕಟ್ಟಲು ಹೋಗಿ ಎರಡು ಸಲ ಕೈ ಸುಟ್ಟುಕೊಂಡೆ. ಈಗ ಅಂಬಲಿಯಲ್ಲೇ ದಿನ ನೂಕುತ್ತಿದ್ದೇನೆ. ತುಂಬ ಸುಸ್ತಾಗಿದೆ, ಆದರೆ ಅದು ಅಂಬಲಿಯಿಂದಲ್ಲ.

ನನ್ನ ನಾಲ್ಕು ನೋಟುಬುಕ್ಕುಗಳೆಂದರೆ ನಿನಗೆ ಮೊದಲಿನಿಂದಲೂ ಸವತಿಯನ್ನು ಕಂಡ ಹಾಗೆ. ಹುಣಸೂರಿನ ವಾಚನಾಲಯದಿಂದ ತಂದ ಪುಸ್ತಕಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನೆಲ್ಲ ಹದಿನೆಂಟು ವರ್ಷ ಎತ್ತಿ ಬರೆದುಕೊಂಡೆ. ಧೈರ್ಯ, ಸ್ನೇಹ, ದುಃಖ ಎಂದು ತಲೆಬರಹ ಕೊಟ್ಟು ವಿಂಗಡಿಸಿದೆ. ಮದುವೆಯ ಕರೆಯೋಲೆಗೋ ಸಾವಿನ ಮನೆಗೆ ಕಳಿಸುವ ಕಾಗದಕ್ಕೋ ‘ಮೇಷ್ಟ್ರೇ, ಒಂದ್ ಒಳ್ಳೆ ಮಾತು ಆಕ್ಕೊಡಿ’ ಎಂದು ಜನ ಬರುತ್ತಿದ್ದರು. ಎಲ್ಲವನ್ನೂ ನಾನೇ ಬರೆದವನ ಹಾಗೆ ಬೀಗುತ್ತಿದ್ದೆ.

ನಮ್ಮ ಒಬ್ಬಳೇ ಮಗಳು, ಐದು ವರ್ಷದ ನೀಲಿ, ಚಳಿಜ್ವರದಲ್ಲಿ ಹೋದ ದಿನ ನೀನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಾನು ಬುಕ್ಕು ತೆರೆದು ದುಃಖದ ಕೆಳಗಿನ ಒಂದು ಪುಟ ಓದಿದೆ. ಬಂದವರೆಲ್ಲ ಕಣ್ಣೊರೆಸಿಕೊಂಡರು. ನೀನು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದೆ.

ಹನ್ನೊಂದು ವರ್ಷದ ಮೇಲೆ, ಹೋದ ತಿಂಗಳು, ಪಕ್ಕದ ಮನೆ ಹುಚ್ಚಯ್ಯನ ಎತ್ತು ಸತ್ತಿತು. ನಮ್ಮ ಜಗಲಿಯ ಮೇಲೆ ಕೂತು ಗೋಳಾಡುತ್ತಿದ್ದವನಿಗೆ ಸಮಾಧಾನ ಹೇಳಲು ಅದೇ ಪುಟ ಓದಿದೆ. ಅದೇ ಪುಟವೆಂಬ ಅರಿವಿಲ್ಲದೆ ಓದಿದೆ ಎಂದರೆ ನೀನು ನಂಬಬೇಕಾಗಿಲ್ಲ, ಆದರೆ ನಿಜ. ಒಳಗಿದ್ದ ನೀನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ‘ನಮ್ ನೀಲಿಗೆ ಓದಿದ್ದುನ್ನೇ ಎತ್ಗೂ ಓದ್ತಾ ಇದೀರಲ್ಲ. ನಿಮ್ದು ಅಂತ ಒಂದ್ ಮಾತಿಲ್ವಾ?’ ಎಂದೆ. ಹುಚ್ಚಯ್ಯ ಅಳುವುದನ್ನೇ ನಿಲ್ಲಿಸಿದ. ಮಾರನೆಯ ದಿನ ನೀನು ಗಾಡಿ ಕಟ್ಟಿಸಿಕೊಂಡು ಹೊರಟುಹೋದೆ.

ಅಂದಿನಿಂದ ಬುಕ್ಕು ಮುಟ್ಟಿಲ್ಲ. ನನ್ನದೇ ಒಂದು ಮಾತು ಬರೆದು ಕಳಿಸೋಣವೆಂದು ಕೂತರೆ ಬರೆದದ್ದೆಲ್ಲ ಯಾರದೋ ಆಗಿರುತ್ತಿತ್ತು. ನಾಲ್ಕು ಸಲ ಹರಿದು ಹಾಕಿದೆ. ನನ್ನದು ಎನ್ನುವ ಮಾತು ಇಲ್ಲವೆಂದಲ್ಲ, ಶಿವನಂಜಿ. ಒಂದಿದೆ. ಅದನ್ನು ಹೇಳಬಾರದೆಂದೇ ಇಷ್ಟು ವರ್ಷ ಬೇರೆಯವರ ಮಾತು ಆಡಿಕೊಂಡು ಬಂದೆ. ಇನ್ನು ನನ್ನ ಕೈಲಾಗುವುದಿಲ್ಲ.

ನೀಲಿ ಹೋಗುವ ಹಿಂದಿನ ದಿನ ಮಧ್ಯಾಹ್ನ ನೀನು ಕಷಾಯಕ್ಕೆ ಸೊಪ್ಪು ತರಲು ಹೋಗಿದ್ದೆಯಲ್ಲ, ಆಗ ನಾನು ಜಗಲಿಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಪುಸ್ತಕವನ್ನು ಮಾರನೆಯ ದಿನ ವಾಪಸು ಕೊಡಬೇಕಿತ್ತು. ಒಳಗಿನಿಂದ ನೀಲಿ ‘ಅಪ್ಪಯ್ಯಾ, ಬಾ’ ಎಂದಳು. ‘ತಡಿ ಮಗಾ, ಇದೊಂದ್ ಸಾಲು ಮುಗುಸ್ಬುಡ್ತೀನಿ’ ಎಂದೆ. ಇನ್ನೊಂದು ಸಲ ಕರೆದಳು. ಸಾಲು ಮುಗಿಸಿ, ಶಾಯಿ ಆರಲೆಂದು ಊದಿ, ಆಮೇಲೆ ಒಳಗೆ ಹೋದೆ. ಅಷ್ಟರಲ್ಲಿ ಜ್ಞಾನ ತಪ್ಪಿತ್ತು. ನೀನು ಬಂದು ‘ಮಗಾ ಏನಾದ್ರೂ ಅಂದ್ಳಾ?’ ಎಂದು ಕೇಳಿದಾಗ ‘ಇಲ್ಲ, ಮಲಗಿದ್ಲು’ ಎಂದುಬಿಟ್ಟೆ.

ಮಗಳು ಕರೆದಳು, ನಾನು ಹೋಗಲಿಲ್ಲ. ನೀನು ಕೇಳಿದ ನನ್ನ ಮಾತು ಇದು. ಯಾವ ಪುಸ್ತಕದಿಂದಲೂ ತೆಗೆದದ್ದಲ್ಲ.

ಬಾ ಎಂದು ಕರೆಯುವ ಮುಖ ನನಗಿಲ್ಲ. ನೀನು ಎಲ್ಲಿದ್ದರೂ ಆ ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನೀಲಿಯ ಅಪ್ಪ,
ವೀರಭದ್ರಸ್ವಾಮಿ