ಅವ್ವ ಕೊಂಡ ಕೀಬೋರ್ಡ್

ರಾಣೆಬೆನ್ನೂರು
೧೪ ಜೂನ್ ೨೦೨೫

ಚಿ. ಮಧುಗೆ ನಿನ್ನ ಅವ್ವನ ಆಶೀರ್ವಾದಗಳು. ಆಶೀರ್ವಾದ ಬೇಡವೆನಿಸಿದರೆ ಪಕ್ಕಕ್ಕಿಡು, ಪತ್ರವನ್ನಾದರೂ ಪೂರ್ತಿ ಓದು. ನಾಲ್ಕು ದಿನ ಕೂತು ಹತ್ತು ಬೆರಳಿನಿಂದ ಟೈಪ್ ಮಾಡಿದ್ದೇನೆ. ಹತ್ತು ಎಂದರೆ ಸುಳ್ಳಾದೀತು, ಎಂಟು. ಕಿರುಬೆರಳುಗಳು ಇನ್ನೂ ನನ್ನ ಮಾತು ಕೇಳುತ್ತಿಲ್ಲ.

ಹೌದು, ಸರಿಯಾಗಿಯೇ ಓದಿದೆ. ನಾನು ಕೀಬೋರ್ಡ್ ಕೊಂಡಿದ್ದೇನೆ. ನಿನ್ನದರಂಥದ್ದೇ, ಮೆಕ್ಯಾನಿಕಲ್. ಐವತ್ತೈದನೆಯ ವಯಸ್ಸಿನಲ್ಲಿ ಇವಳಿಗೇನು ಬಂತು ಎಂದು ನಗಬೇಡ. ಅಲ್ಲ, ನಗು. ನೀನು ನನಗೆ ಕೇಳುವಂತೆ ನಕ್ಕು ಎಂಟು ತಿಂಗಳಾಯಿತು. ಹಾವೇರಿಯಿಂದ ಇಲ್ಲಿಗೆ ಬಸ್ಸಿನಲ್ಲಿ ಮುಕ್ಕಾಲು ತಾಸು, ಆದರೂ ನೀನು ಒಂದು ಸಲ ಬಂದಿಲ್ಲ. ನಿಮ್ಮಪ್ಪನ ಫೋನ್ ಎತ್ತುತ್ತೀಯ, ನನ್ನದು ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ನನಗೆ ಬೇಕಾಗಿರುವುದು ಒಂದೇ, ನೀನು ನನ್ನ ಜೊತೆ ಮೊದಲಿನಂತೆ ಮಾತಾಡಬೇಕು. ಅದಕ್ಕೆ ಏನೇನು ಮಾಡಬೇಕೋ ಅದನ್ನೆಲ್ಲ ಮಾಡಿಯೇ ಬಿಡುವುದೆಂದು ನಿಶ್ಚಯಿಸಿದ್ದೇನೆ.

ಹೋದ ವರ್ಷದ ದಸರೆಯ ಖಂಡೇಪೂಜೆಯ ದಿನವನ್ನು ನೀನು ಮರೆತಿಲ್ಲ, ನಾನೂ ಮರೆತಿಲ್ಲ. ನಿಮ್ಮಪ್ಪನ ಬೀಜದ ಅಂಗಡಿಯ ತಕ್ಕಡಿ, ಸ್ಕೂಟರ್, ನನ್ನ ಹೊಲಿಗೆ ಯಂತ್ರ, ಈಳಿಗೆ ಎಲ್ಲವನ್ನೂ ಪೂಜಿಸುವ ಹಾಗೆ ನಿನ್ನ ಕೀಬೋರ್ಡನ್ನೂ ಮಣೆಯ ಮೇಲಿಟ್ಟೆ. ವಿಭೂತಿ ಹಚ್ಚಿದೆ, ಹೂವು ಏರಿಸಿದೆ. ಕಾಯಿ ಒಡೆದು ನೀರನ್ನು ತಂಬಿಗೆಗೆ ಹಿಡಿದೆ. ಕೈಗೆ ದೀಪದ ಎಣ್ಣೆಯಾಗಿತ್ತು, ತಂಬಿಗೆ ಜಾರಿತು, ನೀರೆಲ್ಲ ಕೀಬೋರ್ಡಿನೊಳಗೆ ಇಳಿಯಿತು. ಹನ್ನೊಂದಕ್ಕೆ ಕಂಪ್ಯೂಟರ್ ಆಟದಲ್ಲಿ ನಿನ್ನ ತಂಡದ ಫೈನಲ್ ಪಂದ್ಯ. ಎರಡು ವರ್ಷ ಟೈಪಿಂಗ್ ಕೆಲಸ ಮಾಡಿ, ಒಂದೊಂದೇ ಭಾಗ ತರಿಸಿ, ನೀನೇ ಜೋಡಿಸಿದ್ದ ಕೀಬೋರ್ಡ್ ಅದು. ನಿನ್ನ ತಂಡ ನೀನಿಲ್ಲದೆ ನಾಲ್ವರಲ್ಲೇ ಆಡಿ ಸೋತಿತು. ನೀನು ಅಳುತ್ತ ಕೂಗಾಡಿದೆ. ತಪ್ಪಾಯಿತು ಎಂದು ಒಂದು ಮಾತು ಹೇಳುವ ಬದಲು ನಾನು, “ಆಟದ ಹಲಗಿ ಹೋತು ಅಂತ ಹೆತ್ತಾಕಿ ಮ್ಯಾಲೆ ಒದರ್ತಿಯೇನು?” ಎಂದೆ. ಅದೇ ವಾರ ನೀನು ಹಾವೇರಿಯ ಕೆಲಸ ಒಪ್ಪಿಕೊಂಡು ಹೊರಟುಹೋದೆ. ಕೀಬೋರ್ಡನ್ನು ಮೇಜಿನ ಮೇಲೆಯೇ ಬಿಟ್ಟು ಹೋದೆ.

ನಾನು ಅದನ್ನು ಹಳೆಯ ಖಣದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಯುಗಾದಿಯ ಮರುವಾರ ತೆಗೆದುಕೊಂಡು ಸ್ಟೇಶನ್ ರಸ್ತೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಬ್ದುಲರಜಾಕರ ಅಂಗಡಿಗೆ ಹೋದೆ. ಏನಾಗಿತ್ತು ಎಂದು ಕೇಳಿದರು. ಮೊಣಕೈ ತಾಗಿ ಎಳನೀರಿನ ಲೋಟ ಉರುಳಿತು ಎಂದೆ. ಅವರು ಮೇಲಿನ ಕ್ಯಾಪುಗಳನ್ನು ಒಂದೊಂದಾಗಿ ಕಿತ್ತು, ಕನ್ನಡಕ ಏರಿಸಿ ಒಳಗೆ ನೋಡಿದರು. “ಅಕ್ಕಾರ, ಉರುಳಿದ ನೀರು ಒಂದ್ ಕಡಿಗೆ ಹರದು ಹೋಗತೈತ್ರಿ. ಇದು ಈ ತುದಿಯಿಂದ ಆ ತುದಿತನಕ ಒಂದೇ ಸಮ ಇಳದೈತಿ,” ಎಂದರು. “ನೀರಿನ ವಿಚಾರ ನಿಮಗ್ಯಾಕ್ರಿ? ರಿಪೇರಿ ಆಗತೈತೋ ಇಲ್ಲೋ ಅಷ್ಟ ಹೇಳ್ರಿ,” ಎಂದೆ. ಒಳಗಿನ ಬೋರ್ಡಿಗೆ ಪೂರ್ತಿ ತುಕ್ಕು ಹಿಡಿದಿದೆ, ಆಗುವುದಿಲ್ಲ ಎಂದರು.

ಹಾಗಾದರೆ ಇಂಥದ್ದೇ ಹೊಸದೊಂದು ಕೊಡಿ, ಮಗಳಿಗೆ ಕಳಿಸುತ್ತೇನೆ ಎಂದೆ. ಅದಕ್ಕೂ ಆ ಮನುಷ್ಯ ಒಪ್ಪಲಿಲ್ಲ. “ಇದು ಚಪ್ಪಲಿ ಇದ್ದಂಗ್ರಿ ಅಕ್ಕಾರ. ಹಾಕ್ಕೊಳ್ಳೋರ ಬಂದು ಹಾಕಿ ನೋಡಬೇಕು. ಒಬ್ಬೊಬ್ಬರ ಬೆರಳಿನ ಭಾರ ಒಂದೊಂದು ಥರ ಇರತೈತಿ. ನೀವು ಟೈಪ್ ಮಾಡ್ತೀರೇನು?” ಎಂದು ಕೇಳಿದರು. ಇಲ್ಲ ಎಂದು ಹೇಳಿ ಮನೆಗೆ ಬಂದೆ. ಬಂದ ಮೇಲೆ ಆ ‘ಇಲ್ಲ’ ನನ್ನನ್ನು ಕೂರಲು ಬಿಡಲಿಲ್ಲ. ನಾನು ಹಾಳು ಮಾಡಿದ ವಸ್ತು ಯಾವುದು, ಅದರಿಂದ ನಿನಗೆ ಏನು ಸಿಗುತ್ತಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ತಿಳಿದುಕೊಂಡೇ ತೀರಬೇಕೆನಿಸಿತು.

ಮರುದಿನವೇ ಹೋಗಿ, “ಮಗಳಿಗೆ ಅಲ್ಲ, ನನಗ ಬೇಕು,” ಎಂದೆ. ನಮ್ಮ ಹೆಂಗಸರ ಸಂಘ ಅಕ್ಕನ ಬಳಗಕ್ಕೆ ಈ ವರ್ಷ ನಾನೇ ಕಾರ್ಯದರ್ಶಿ, ನೋಟಿಸು, ವರದಿ ಎಲ್ಲ ಟೈಪ್ ಮಾಡಬೇಕು ಎಂದು ಕಾರಣ ಹೇಳಿದೆ. ಅದು ಅರ್ಧ ನಿಜ. ಉಳಿದರ್ಧ, ನೀನು ಆಡುತ್ತಿದ್ದ ಆ ಕೋಟೆ ಕಾಯುವ ಆಟವನ್ನು ನಾನೂ ಆಡಿ ನೋಡಬೇಕಿತ್ತು. ಅದನ್ನೂ ಹೇಳಿದೆ. ರಜಾಕರು ನಗಲಿಲ್ಲ, ಸ್ಟೂಲ್ ಎಳೆದು ಕೂರಿಸಿದರು.

ಮೊದಲು ಬಣ್ಣಬಣ್ಣದ ದೀಪ ಓಡುವ ಒಂದನ್ನು ಮುಂದಿಟ್ಟರು. ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯ ಮನೆಯಲ್ಲಿ ಬೆಳೆದವಳು ಎನ್ನುವುದು ಪಾಪ ಅವರಿಗೆ ಗೊತ್ತಿರಲಿಲ್ಲ. ನಿನ್ನ ಅಜ್ಜ ಹೇಳುತ್ತಿದ್ದರಲ್ಲ, “ಚೀಲದ ಬಾಯಾಗ ಇರೋ ಕಾಯಿ ನೋಡಿ ಮಳ್ಳಾಗಬ್ಯಾಡ, ಮೊಣಕೈತನಕ ಕೈ ಹಾಕು.” ನಾನೂ ಹಾಗೇ ಮಾಡಿದೆ. ದೀಪ ಆರಿಸಿ, ಕ್ಯಾಪು ಕಿತ್ತು, ಒಳಗಿನ ಸ್ವಿಚ್ಚು ತೋರಿಸಿ ಎಂದೆ. ಆಗ ಮನುಷ್ಯ ದಾರಿಗೆ ಬಂದರು. ಮೂರು ಬಣ್ಣದ ಸ್ವಿಚ್ಚು ಎದುರಿಗಿಟ್ಟು ಒಂದೊಂದನ್ನೂ ಒತ್ತಿಸಿದರು. ಕೆಂಪಿನದು ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಸರಕ್ಕನೆ ಹೋಗುತ್ತದೆ, ಆಟಕ್ಕೆ ಬಲು ಚುರುಕು. ಆದರೆ ನನ್ನ ಹೊಲಿಗೆಯ ಕೈ ಭಾರ. ಬೆರಳು ಸುಮ್ಮನೆ ಇಟ್ಟರೂ ಅಕ್ಷರ ಬಿದ್ದುಬಿಡುತ್ತಿತ್ತು.

ನೀಲಿಯನ್ನು ಒತ್ತಿದೆ. ಟಿಕ್ ಎಂದಿತು. ಮಧು, ಅದು ನಿನ್ನ ಕೋಣೆಯ ಸದ್ದು. ಮೂರು ವರ್ಷ ಆ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ನಾನು ಬೈದಿದ್ದೇ ಬೈದಿದ್ದು. ಈಗ ಅಂಗಡಿಯಲ್ಲಿ ಕೂತು ಅದೊಂದೇ ಬಟನ್ನನ್ನು ಹತ್ತಿಪ್ಪತ್ತು ಸಲ ಒತ್ತಿರಬೇಕು, ರಜಾಕರು ಏನೋ ಕೆಲಸ ನೆನಪಾದವರಂತೆ ಒಳಗೆ ಹೋದರು. ನಾನು ಕಣ್ಣು ಒರೆಸಿಕೊಂಡೆ. ಆದರೂ ನೀಲಿಯನ್ನು ಕೊಳ್ಳಲಿಲ್ಲ. ಅದು ನಿನ್ನದು. ನನ್ನ ಬೆರಳಿಗೆ ಸರಿಹೋಗಿದ್ದು ಕಂದು. ಅರ್ಧ ದಾರಿಯಲ್ಲಿ ಒಂದು ಸಣ್ಣ ತಡೆ ಇರುತ್ತದೆ, ಈಗ ಅಕ್ಷರ ಬಿತ್ತು ಎಂದು ಬೆರಳಿಗೇ ತಿಳಿಯುತ್ತದೆ, ಸದ್ದು ಕಡಿಮೆ. ಬಲಗಡೆ ಅಂಕಿಗಳ ಸಾಲು ಇಲ್ಲದ ಗಿಡ್ಡ ಕೀಬೋರ್ಡ್ ಆರಿಸಿದೆ, ಹೊಲಿಗೆ ಯಂತ್ರದ ಮೇಜಿನ ಮೇಲೆ ಮೌಸ್ ಆಡಿಸಲು ಜಾಗ ಬೇಕಲ್ಲ. ವೈರ್ ಇರುವುದೇ ಇರಲಿ ಎಂದೆ, ಚಾರ್ಜಿಗೆ ಹಾಕುವುದು ನನಗೆ ನೆನಪಿರುವುದಿಲ್ಲ. ಒಂದು ಸ್ವಿಚ್ಚು ಕೆಟ್ಟರೆ ಅದೊಂದನ್ನೇ ಕಿತ್ತು ಬೇರೆಯದು ಕೂರಿಸಬಹುದಂತೆ. ಆ ಮಾತಿಗೆ ನಾನು ಸೋತುಹೋದೆ.

ಈಗ ಆಟದ ಸುದ್ದಿ. ನೀನು ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ ರಜಾಕರ ಮಗಳು ಬೇನಜೀರ ಬಂದು ಆಟ ಹಾಕಿಕೊಟ್ಟಳು. ಕಾಲೇಜಿನ ಹುಡುಗಿ, ಬಲು ಜೋರು. ಅವಳ ತಂಡದಲ್ಲಿ ಐದನೆಯವಳು ನಾನು. ಮೊದಲ ಮೂರು ದಿನ ನಲವತ್ತೊಂದು ಸಲ ಸತ್ತೆ. ಕೀಬೋರ್ಡೇ ಸರಿ ಇಲ್ಲ ಎಂದು ಹೇಳಿ ನೋಡಿದೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಅವಳು ಕೇಳಬೇಕಲ್ಲ. “ಸತ್ತರ ಏನಾತ್ರಿ ಆಂಟಿ, ಮತ್ತ ಏಳ್ರಿ. ಗೇಟ್ ನಿಮ್ಮ ಕೈಯಾಗ ಐತಿ,” ಎನ್ನುತ್ತಾಳೆ. ಮಧು, ಅದು ಬರೀ ಆಟವಲ್ಲ ಕಣೇ. ನಾಲ್ಕು ಜನ ನನ್ನನ್ನು ನಂಬಿ ಬೆನ್ನು ತಿರುಗಿಸಿ ನಿಂತಿರುತ್ತಾರೆ. ಮನೆಯಲ್ಲಿ ಅಡುಗೆಗೆ ನಂಬುತ್ತಾರೆ, ಹೊಲಿಗೆಗೆ ನಂಬುತ್ತಾರೆ, ಕೋಟೆ ಕಾಯಲು ನನ್ನನ್ನು ಇದುವರೆಗೆ ಯಾರೂ ನಂಬಿರಲಿಲ್ಲ.

ಹೋದ ಸೋಮವಾರ ಮಧ್ಯಾಹ್ನ ಆಟದಲ್ಲಿ ಕೋಟೆಯ ಗೇಟಿನ ಹತ್ತಿರ ಭಾರಿ ಕಾದಾಟ ನಡೆದಿತ್ತು. ಬಿತ್ತನೆಯ ಹಂಗಾಮು ನೋಡು, ಅಂಗಡಿಯಲ್ಲಿ ರೈತರ ಗದ್ದಲ ಸ್ವಲ್ಪ ಇಳಿದ ಹೊತ್ತಿಗೆ ನಿಮ್ಮಪ್ಪ ಮನೆಗೆ ಬಂದು, ತಾವೇ ಚಹಾ ಮಾಡಿ ನನ್ನನ್ನು ಕರೆದರು. ಎರಡು ಸಲ ಕರೆದರು. ನಾನು ಹೆಡ್‌ಫೋನಿನಲ್ಲಿ ತಂಡದವರಿಗೆ, “ಒಂದ್ ನಿಮಿಷ ತಡೀರಿ, ಯಾರೋ ಕರಿಯಾಕತ್ತಾರ,” ಎಂದೆ. ಅಂದವಳೇ ಕೈ ತೆಗೆದುಬಿಟ್ಟೆ. ಬೇನಜೀರ ‘ಆಂಟಿ, ಆಂಟಿ’ ಎನ್ನುತ್ತಲೇ ಇದ್ದಳು. ಕೋಟೆ ಹೋಯಿತು. ನಿಮ್ಮಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಒಂದಿಷ್ಟೂ ಬೇಸರವಿಲ್ಲದೆ, “ಯಾರೋ ಅಲ್ಲ, ನಾನ ಅದೇನಿ. ಚಾ ಆರತೈತಿ ನೋಡು,” ಎಂದು ನಕ್ಕು, ಕಪ್ಪನ್ನು ಕೀಬೋರ್ಡಿನಿಂದ ಒಂದು ಮೊಳ ದೂರ ಇಟ್ಟು ಹೋದರು. ಅವರಿಗೆ ಅದು ಅಷ್ಟೇ ಆಗಿತ್ತು. ನಾನು ಮಾತ್ರ ಆಟ ಮುಚ್ಚಿ ಎದ್ದೆ, ಚಹಾ ಕಪ್ಪಿನಲ್ಲೇ ಆರಿತು. ಆ ದಿನವೇ ಈ ಕಾಗದ ಬರೆಯಬೇಕೆಂದುಕೊಂಡೆ.

ಇದರ ಜೊತೆಗೆ ಒಂದು ಡಬ್ಬಿ ಕಳಿಸಿದ್ದೇನೆ. ರೊಟ್ಟಿ ಇರಬೇಕೆಂದು ಬದಿಗಿಡಬೇಡ. ನಿನ್ನ ಹಳೆಯ ಕೀಬೋರ್ಡಿನ ಕ್ಯಾಪುಗಳು. ಅಂಟವಾಳದ ನೀರಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದನ್ನೂ ತಿಕ್ಕಿ, ಮೊರದಲ್ಲಿ ಹರಡಿ ಮಾಳಿಗೆಯ ಮೇಲೆ ಸಂಡಿಗೆಯ ಹಾಗೆ ಒಣಗಿಸಿದೆ. ವಿಭೂತಿಯ ಕಲೆ ಒಂದರ ಮೇಲೂ ಉಳಿದಿಲ್ಲ. ಹೊಸ ಕೀಬೋರ್ಡಿಗೂ ಇವೇ ಕ್ಯಾಪು ಕೂರುತ್ತವೆ ಎಂದು ರಜಾಕರು ಹೇಳಿದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ, ಆ ಫೈನಲ್ ಪಂದ್ಯವನ್ನಂತೂ ನಾನು ತಂದುಕೊಡಲಾರೆ. ಕೀಬೋರ್ಡನ್ನು ಮಾತ್ರ ಕೊಡಿಸುವವಳೇ. ಆದರೆ ನೀನೇ ಬಂದು ಒತ್ತಿ ನೋಡಬೇಕು. ಮನೆಗೆ ಬಾ ಎನ್ನುತ್ತಿಲ್ಲ. ಇಪ್ಪತ್ತೆರಡನೆಯ ತಾರೀಖು ರವಿವಾರ ಬೆಳಿಗ್ಗೆ ಹತ್ತೂವರೆಗೆ ರಜಾಕರ ಅಂಗಡಿಯ ಮುಂದೆ ಇರುತ್ತೇನೆ. ಅಷ್ಟು ಬಂದರೆ ಸಾಕು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಾತಿಗೆ ಕಾದಿರುವ
ಅವ್ವ, ಮೀನಾಕ್ಷಿ

ತಾ.ಕ.: ಇದನ್ನು ಪೆನ್ನಿನಿಂದ ಬರೆಯುತ್ತಿದ್ದೇನೆ. ಮೂರು ಸಲ ಟೈಪ್ ಮಾಡಿದೆ, ಮೂರು ಸಲವೂ ಅಳಿಸುವ ಬಟನ್ ಒತ್ತಿದೆ. ಮೇಲೆ ನಿನಗೆ ತಂಬಿಗೆ ಜಾರಿತು ಎಂದು ಬರೆದಿದ್ದೇನೆ. ರಜಾಕರಿಗೆ ಲೋಟ ಉರುಳಿತು ಎಂದಿದ್ದೆ. ಎರಡೂ ಸುಳ್ಳು, ಚೀಲದ ಬಾಯಲ್ಲಿಟ್ಟ ಕಾಯಿ. ಪೂಜೆಯ ಹಿಂದಿನ ದಿನ ಬಿಸಿ ಹೋಳಿಗೆ ಮಾಡಿಕೊಂಡು ನಿನ್ನನ್ನು ಐದು ಸಲ ಕರೆದೆ. ನೀನು ನಗುತ್ತ ಹೆಡ್‌ಫೋನಿನಲ್ಲಿ ಆ ಕಡೆಯವರಿಗೆ, “ಒಂದ್ ನಿಮಿಷ ತಡೀರಿ, ಯಾರೋ ಕರಿಯಾಕತ್ತಾರ,” ಎಂದೆ. ನಿನಗೆ ನೆನಪೂ ಇರಲಿಕ್ಕಿಲ್ಲ. ನಾನು ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಮರುದಿನ ಗಡಿಯಾರದಲ್ಲಿ ಹತ್ತೂವರೆ ಆದದ್ದನ್ನು ನೋಡಿ, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನಾನೇ ಸುರಿದೆ. ಇದನ್ನು ಓದಿದ ಮೇಲೆ ನೀನು ಬಾರದಿದ್ದರೆ ತಪ್ಪು ನಿನ್ನದಲ್ಲ. ನಾನಂತೂ ರವಿವಾರ ಅಲ್ಲಿ ನಿಂತಿರುತ್ತೇನೆ. ಕೈಯಲ್ಲಿ ಏನೂ ಹಿಡಿದಿರುವುದಿಲ್ಲ.